ಕರಿಕಲ್ಲು, ಎರಿಮಣ್ಣು, ಸವುಳು ನೀರು: ತೊರವಿಯಿಂದ ಬಬಲೇಶ್ವರದವರೆಗೆ ನಮ್ಮ ನೆಲದ ಪಾಠ

ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಹಾಸ್ಟೆಲ್‌ನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: "ಗೋಳಗುಮ್ಮಟ ಬಿಟ್ಟರೆ ನಿಮ್ಮೂರಲ್ಲಿ ಮತ್ತೇನಿದೆ?" ಮಲೆನಾಡಿನಿಂದಲೋ ಕರಾವಳಿಯಿಂದಲೋ ಬಂದ ಗೆಳೆಯರ ಪ್ರಶ್ನೆ ಇದು. ನಾವು ಇಲ್ಲಿಯವರೇ ಆದರೂ "ಬಿಸಲ ಐತಿ, ಧೂಳ ಐತಿ" ಅಂತ ನಕ್ಕು ಸುಮ್ಮನಾಗುತ್ತಿದ್ದೆವು. ಕಳೆದ ಸೆಮಿಸ್ಟರ್‌ನಲ್ಲಿ ಸಂಘದ ಒಂದು ಕೂಟದಲ್ಲಿ ಗೆಳೆಯನೊಬ್ಬ ಗ್ರೀಸ್ ದೇಶದ ಬಗ್ಗೆ ಮಾತಾಡಿದ. ಒಂದು ಕಡೆ ಸಮುದ್ರ, ಬೆನ್ನಿಗೆ ಬೆಟ್ಟ, ನಡುವಿನ ಕಿರಿದಾದ ಬಯಲಿನಲ್ಲಿ ಒಂದೊಂದು ಪುಟ್ಟ ನಗರರಾಜ್ಯ. ನೆಲ ಹೇಗೋ ಚರಿತ್ರೆ ಹಾಗೆ ಎಂಬುದು ಅವನ ವಾದ. ಚೆನ್ನಾಗಿಯೇ ಹೇಳಿದ. ಆದರೆ ಕೊನೆಗೆ ಯಾರೋ ಕೇಳಿದರು, "ಹಂಗಾದ್ರ ಸಮುದ್ರಾನೂ ಇಲ್ಲ, ಬೆಟ್ಟಾನೂ ಇಲ್ಲ, ನಮ್ಮ ನೆಲಕ್ಕ ಚರಿತ್ರಿ ಎಲ್ಲಿಂದ ಬಂತು?"

ಆ ಪ್ರಶ್ನೆ ಹಿಡಿದುಕೊಂಡು ಒಂದು ಭಾನುವಾರ ನಾವು ಆರು ಮಂದಿ ಮೂರು ಗಾಡಿ ಹತ್ತಿ ಹೊರಟೆವು. ವಿಜಯಪುರದಿಂದ ತೊರವಿ, ತೊರವಿಯಿಂದ ತಿಕೋಟಾ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಬಬಲೇಶ್ವರ, ವಾಪಸ್ಸು ಬರುವಾಗ ಸಾರವಾಡ. ನೋಡಿದ್ದನ್ನು, ಆಮೇಲೆ ಓದಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇವೆ. ಪರೀಕ್ಷೆಗೆ ಬರುವುದಿಲ್ಲ, ಹೆದರಬೇಡಿ.

ಮೊದಲು ಕಲ್ಲಿನಿಂದ ಶುರು ಮಾಡೋಣ. ನಾವು ನಿಂತಿರುವ ನೆಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾ ಪದರಿನ ಮೇಲೆ ಪದರಾಗಿ ಹರಡಿ ಗಟ್ಟಿಯಾಯಿತು. ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಅನ್ನುತ್ತಾರೆ. 'ಟ್ರ್ಯಾಪ್' ಅಂದರೆ ಬಲೆ ಅಲ್ಲ, ಮೆಟ್ಟಿಲು ಎಂಬ ಅರ್ಥದ ಸ್ವೀಡಿಶ್ ಮಾತಿನಿಂದ ಬಂದದ್ದು. ಮಹಾರಾಷ್ಟ್ರದ ಘಟ್ಟಗಳಲ್ಲಿ ಬೆಟ್ಟದ ಪಕ್ಕೆ ನೋಡಿದರೆ ಆ ಮೆಟ್ಟಿಲು ಕಣ್ಣಿಗೆ ಕಾಣುತ್ತವೆ. ನಮ್ಮಲ್ಲಿ ಆ ಮೆಟ್ಟಿಲು ತಗ್ಗಾಗಿ, ಅಲೆಅಲೆಯಾದ ಬಯಲಾಗಿದೆ. ವಿಜಯಪುರ ಈ ಲಾವಾ ನೆಲದ ದಕ್ಷಿಣದ ಅಂಚಿಗೆ ಹತ್ತಿರ ಇದೆ. ಕೃಷ್ಣೆ ದಾಟಿ ಬಾಗಲಕೋಟೆ ಕಡೆ ಹೋದರೆ ಕಲಾದಗಿ, ಬಾದಾಮಿಯ ಮರಳುಗಲ್ಲು ಸಿಗುತ್ತದೆ. ಪೂರ್ವಕ್ಕೆ ತಾಳಿಕೋಟೆ ಕಡೆ ಸುಣ್ಣಗಲ್ಲಿನ ಪದರು.

ಇದರ ಒಂದು ಪರಿಣಾಮ ಎಲ್ಲರೂ ನೋಡಿದ್ದೇ, ಆದರೆ ಗಮನಿಸಿರುವುದಿಲ್ಲ. ಬಾದಾಮಿಯ ಗುಹೆಗಳು ಕೆಂಪಗಿವೆ, ನಮ್ಮ ಇಬ್ರಾಹಿಂ ರೋಜಾ ಕಪ್ಪು-ಬೂದು ಬಣ್ಣದ್ದು. ಎರಡರ ನಡುವೆ ಹೆಚ್ಚೂಕಡಿಮೆ ನೂರು ಕಿಲೋಮೀಟರ್ ಅಂತರ. ಮರಳುಗಲ್ಲನ್ನು ಬೆಟ್ಟದಲ್ಲೇ ಕೊರೆದು ಗುಡಿ ಮಾಡಬಹುದು. ಕರಿಕಲ್ಲು ಗಟ್ಟಿ, ಕೊರೆಯುವುದು ಕಷ್ಟ, ಆದರೆ ಒಮ್ಮೆ ಚೆನ್ನಾಗಿ ಕಟೆದರೆ ಅಂಚು ನೂರಾರು ವರ್ಷ ಹಾಗೇ ಇರುತ್ತದೆ. ಇಬ್ರಾಹಿಂ ರೋಜಾದ ಜಾಲಂಧ್ರಗಳ ಅಕ್ಷರಗಳು ಇವತ್ತಿಗೂ ಚೂಪಾಗಿರುವುದು ಕುಶಲಕರ್ಮಿಗಳ ಕೈಗುಣ ಎಷ್ಟೋ, ಕಲ್ಲಿನ ಗುಣವೂ ಅಷ್ಟೇ.

ಈ ಕರಿಕಲ್ಲು ಸವೆದು ಆದದ್ದೇ ಎರಿಮಣ್ಣು. ಸಿವಿಲ್ ಬ್ರ್ಯಾಂಚಿನವರಿಗೆ ಇದು ಶತ್ರು. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಕಣ ಇದರಲ್ಲಿ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿನೊಳಗೆ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತದೆ. ಇದರ ಮೇಲೆ ಕಟ್ಟಿದ ಮನೆಯ ಗೋಡೆ ಸೀಳುತ್ತದೆ, ರಸ್ತೆ ಅಲೆ ಏಳುತ್ತದೆ. ಆದರೆ ರೈತನಿಗೆ ಇದೇ ಮಣ್ಣು ಬ್ಯಾಂಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದ ಮಳೆಯನ್ನು ಒಳಗೆ ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳಕ್ಕೆ, ಕಡಲೆಗೆ, ಕುಸುಬೆಗೆ ತಿಂಗಳುಗಟ್ಟಲೆ ಹನಿಹನಿಯಾಗಿ ಕೊಡುತ್ತದೆ. ಒಂದು ಮಳೆಯೂ ಬೀಳದೆ, ಬರೀ ಇಬ್ಬನಿ ಮತ್ತು ನೆಲದ ತೇವದ ಮೇಲೆ ಬಿಳಿಜೋಳ ಆಳೆತ್ತರ ಬೆಳೆಯುವುದನ್ನು ನೋಡಿದ ದಕ್ಷಿಣದ ಗೆಳೆಯನೊಬ್ಬ ನಂಬಲೇ ಇಲ್ಲ.

ಮಳೆಯ ಲೆಕ್ಕ ಹೀಗಿದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಘಟ್ಟ ಇಳಿದು ಪೂರ್ವಕ್ಕೆ ಬಂದಂತೆ ಮೋಡ ಬರಿದಾಗುತ್ತ ಬರುತ್ತದೆ. ನಮ್ಮ ಪಾಲಿಗೆ ಉಳಿಯುವುದು 600ರ ಒಳಗೆ. ಕಡಿಮೆ ಅನ್ನಿಸುತ್ತದೆ, ಅಲ್ಲವೇ? 550 ಮಿಲಿಮೀಟರ್ ಎಂದೇ ಹಿಡಿಯಿರಿ. ಒಂದು ಎಕರೆಗೆ 4047 ಚದರ ಮೀಟರ್. ಗುಣಿಸಿದರೆ ಒಂದು ಎಕರೆ ಮೇಲೆ ವರ್ಷಕ್ಕೆ ಸುಮಾರು 22 ಲಕ್ಷ ಲೀಟರ್ ನೀರು ಬೀಳುತ್ತದೆ. ಈ ಲೆಕ್ಕವನ್ನು ನಾವು ತಿಕೋಟಾದ ಚಹಾದಂಗಡಿಯಲ್ಲಿ ಮೊಬೈಲ್‌ನಲ್ಲಿ ಮಾಡಿ ತೋರಿಸಿದಾಗ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಅಂದರು, "ತಮ್ಮಾ, ಬೀಳೂದು ಖರೆ. ಆದ್ರ ನಾಕ್ ದಿನದಾಗ ಬೀಳತೈತಿ. ಉಳದ ದಿನ ಲೆಕ್ಕ ಮಾಡಿಕೋತ ಕುಂದರೂದು." ಬರದ ಚರಿತ್ರೆ ಪೂರ್ತಿ ಆ ಮಾತಿನಲ್ಲಿದೆ. 1876ರಿಂದ 78ರವರೆಗಿನ ಮಹಾಕ್ಷಾಮ ಈ ಸೀಮೆಯನ್ನು ಹಿಂಡಿಹಾಕಿತ್ತು. 1930ರ ದಶಕದಲ್ಲಿ ದೇಶದ ಮೊದಮೊದಲ ಒಣಬೇಸಾಯ ಸಂಶೋಧನಾ ಕೇಂದ್ರಗಳಲ್ಲಿ ಒಂದನ್ನು ಸರ್ಕಾರ ಇಲ್ಲಿಯೇ ತೆರೆದದ್ದು ಸುಮ್ಮನೆ ಅಲ್ಲ.

ಈಗ ಚರಿತ್ರೆಗೆ ಬರೋಣ. ಇಲ್ಲಿ ಗ್ರೀಕರ ನಂಟೂ ಒಂದಿದೆ ಅಂದರೆ ನಗಬೇಡಿ. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕೂತು ಟಾಲೆಮಿ ಗ್ರೀಕ್ ಭಾಷೆಯಲ್ಲಿ ಭೂಗೋಳದ ಪುಸ್ತಕ ಬರೆದ. ಅದರಲ್ಲಿ ಬರುವ ಊರುಗಳ ಪಟ್ಟಿಯಲ್ಲಿ ಬಾದಾಮಿಯನ್ನು ವಿದ್ವಾಂಸರು ಗುರುತಿಸಿದ್ದಾರೆ. 1884ರ ಬಾಂಬೆ ಗ್ಯಾಸೆಟಿಯರ್ ಅಂತೂ ನಮ್ಮ ಇಂಡಿ, ಕಲಕೇರಿಗಳನ್ನೂ ಅದೇ ಪಟ್ಟಿಯಲ್ಲಿ ಕಾಣುತ್ತದೆ. ಆ ಎರಡರ ವಿಷಯದಲ್ಲಿ ಹೆಸರಿನ ಹೋಲಿಕೆಯೇ ಮುಖ್ಯ ಆಧಾರವಾದ್ದರಿಂದ ನಾವು ಎದೆ ತಟ್ಟಿಕೊಂಡು ಹೇಳಹೋಗುವುದಿಲ್ಲ. ಆದರೂ ಸಮುದ್ರವಿಲ್ಲದ ಈ ಸೀಮೆಯ ಸುದ್ದಿ ಹಡಗಿನ ವ್ಯಾಪಾರಿಗಳ ಬಾಯಿಂದ ಬಾಯಿಗೆ ಅಷ್ಟು ದೂರ ಹೋಗಿತ್ತು.

ಅದಕ್ಕಿಂತ ಬಹಳ ಹಿಂದೆಯೇ ಇಲ್ಲಿ ಜನರಿದ್ದರು. ಘಟಪ್ರಭೆಯ ದಂಡೆಯ ಅನಗವಾಡಿಯಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕಿವೆ. ಕೃಷ್ಣೆಗೆ ಹತ್ತಿರದ ತೇರದಾಳದಲ್ಲಿ ನವಶಿಲಾಯುಗದ ದನಗಾಹಿಗಳ ನೆಲೆ ಸಿಕ್ಕಿದೆ, ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನದು. ಎರಡೂ ನದಿಯ ಆಸರೆಯ ಜಾಗಗಳು ಎಂಬುದನ್ನು ಗಮನಿಸಿ. ನೇಗಿಲಿಗೆ ಕಬ್ಬಿಣದ ಕುಳ ಬರುವವರೆಗೆ ಈ ಎರಿಮಣ್ಣನ್ನು ಉಳುವುದು ಸುಲಭದ ಮಾತಾಗಿರಲಿಲ್ಲ.

ಹತ್ತನೆಯ ಶತಮಾನದ ಹೊತ್ತಿಗೆ ಚಿತ್ರ ಬೇರೆಯಾಗಿತ್ತು. ಇಂದಿನ ವಿಜಯಪುರ ಜಿಲ್ಲೆಯ ಬಹುಭಾಗ ಆಗ 'ತರ್ದವಾಡಿ ಸಾಸಿರ' ಎಂಬ ನಾಡು. ಸಾಸಿರ ಅಂದರೆ ಸಾವಿರ, ಸಾವಿರ ಹಳ್ಳಿಗಳ ನಾಡು ಎಂದು ಲೆಕ್ಕ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೈಕೆಳಗೆ ಈ ನಾಡನ್ನು ತೈಲಪ ಎಂಬ ಚಾಲುಕ್ಯ ಮನೆತನದವನು ನೋಡಿಕೊಳ್ಳುತ್ತಿದ್ದ ಎಂದು ನರಸಲಗಿಯ 965ರ ಶಾಸನ ಹೇಳುತ್ತದೆ. ಎಂಟೇ ವರ್ಷದ ನಂತರ, 973ರಲ್ಲಿ, ಇದೇ ತೈಲಪ ರಾಷ್ಟ್ರಕೂಟರನ್ನು ಉರುಳಿಸಿ ಕಲ್ಯಾಣದ ಚಾಲುಕ್ಯರ ರಾಜ್ಯ ಕಟ್ಟಿದ. ಜೋಳ ಬೆಳೆಯುವ, ಕಣಜ ತುಂಬಿದ ನಾಡು ಕೈಯಲ್ಲಿತ್ತು ಎಂಬುದು ಅವನ ಬಲದಲ್ಲಿ ಒಂದು ಪಾಲು ಅಂತ ನಮ್ಮ ಊಹೆ. ಹಗೇವಿನಲ್ಲಿ ವರ್ಷಗಟ್ಟಲೆ ಕಾಳು ಇಡಬಲ್ಲ ಸೀಮೆಗೆ ಸೈನ್ಯ ಸಾಕುವುದು ಸುಲಭ.

ಇನ್ನೊಂದು ಶಾಸನವನ್ನು ಹಾಸ್ಟೆಲ್ ಹುಡುಗರು ಓದಲೇಬೇಕು. ಇಂಡಿ ಹತ್ತಿರದ ಸಾಲೋಟಗಿಯದು, 945ನೆಯ ಇಸವಿಯದು. ಅಲ್ಲೊಂದು ವಿದ್ಯಾಶಾಲೆ ಇತ್ತು. ಬೇರೆಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಉಳಿಯಲು 27 ಮನೆಗಳಿದ್ದವು, ದೀಪಕ್ಕೆಂದೇ ಬೇರೆ ಭೂಮಿ ಬಿಟ್ಟಿದ್ದರು. ಅಂದರೆ ಸಾವಿರ ವರ್ಷದ ಹಿಂದೆ ಹಾಸ್ಟೆಲ್ಲಿನ ಲೈಟಿಗೆ ಪ್ರತ್ಯೇಕ ಬಜೆಟ್ಟು! ನಮ್ಮಲ್ಲಿ ರಾತ್ರಿ ಕರೆಂಟು ಹೋದಾಗಲೆಲ್ಲ ಈಗ ಸಾಲೋಟಗಿಯ ಮಾತು ಬರುತ್ತದೆ.

ಅದೇ ಸಾಲೋಟಗಿಯ ಹೆಸರು ವಿಜಯಪುರದ ಕೋಟೆಯೊಳಗೆ ಮತ್ತೆ ಸಿಗುತ್ತದೆ. ಅರಕಿಲ್ಲೆಯಲ್ಲಿರುವ ಕರೀಮುದ್ದೀನ್ ಮಸೀದಿ 1320ರದ್ದು, ಆದಿಲ್‌ಶಾಹಿಗಳಿಗಿಂತ ನೂರೆಪ್ಪತ್ತು ವರ್ಷ ಹಳೆಯದು. ಹಳೆಯ ಗುಡಿಗಳ ಕಂಬಗಳಿಂದಲೇ ಕಟ್ಟಿದ್ದು. ಅದನ್ನು ಕಟ್ಟಿದ ಸೂತ್ರಧಾರಿ ಸಾಲೋಟಗಿಯ ರೇವಯ್ಯ ಎಂದು ಅಲ್ಲಿನ ಶಾಸನ ದಾಖಲಿಸುತ್ತದೆ. ದೊರೆ ದಿಲ್ಲಿಯವನು, ಎಂಜಿನಿಯರ್ ನಮ್ಮ ಇಂಡಿ ಕಡೆಯವನು.

ತೊರವಿಯಲ್ಲಿ ನಮಗೆ ಬಹಳ ಹೊತ್ತು ಹಿಡಿಯಿತು. ಊರು ಚಿಕ್ಕದು, ನಗರದಿಂದ ಐದಾರು ಕಿಲೋಮೀಟರ್. ಕನ್ನಡ ಓದಿದವರಿಗೆ ಇದು ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದ ಊರು, ನರಸಿಂಹನ ಗುಡಿಯ ಊರು. ಪಕ್ಕದಲ್ಲೇ ಎರಡನೆಯ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ನವರಸಪುರ ಎಂಬ ಹೊಸ ನಗರ ಕಟ್ಟಿಸತೊಡಗಿದ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಈಗ ಉಳಿದದ್ದು ಸಂಗೀತ ಮಹಲಿನ ಕಮಾನು ಮತ್ತೆ ಕೆಲವು ಗೋಡೆಗಳು. ಇವೆಲ್ಲ ಮೇಲಿನ ಸಂಗತಿ. ನಾವು ಹುಡುಕಿಕೊಂಡು ಹೋದದ್ದು ನೆಲದ ಕೆಳಗಿನದನ್ನು.

ಅದೇ ಕರೇಜ್. ಪರ್ಶಿಯಾದಿಂದ ಬಂದ ವಿದ್ಯೆ. ಎತ್ತರದ ಜಾಗದಲ್ಲಿ ಅಂತರ್ಜಲ ಇರುವಲ್ಲಿ ಒಂದು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ಬಹಳ ಸಣ್ಣ ಇಳಿಜಾರಿನಲ್ಲಿ ಸುರಂಗ. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿಗಳು. ಮಣ್ಣು ಮೇಲೆತ್ತಲು ಅವೇ, ಗಾಳಿಗೆ ಅವೇ, ಸುರಂಗ ನೇರ ಇದೆಯೋ ಇಲ್ಲವೋ ನೋಡಲೂ ಅವೇ. ಪಂಪು ಬೇಡ, ಎತ್ತು ಬೇಡ, ನೀರು ತನ್ನ ತೂಕಕ್ಕೆ ತಾನೇ ಬರುತ್ತದೆ. ಬಹಮನಿಗಳ ಕಾಲದಲ್ಲಿ ಬೀದರಿನಲ್ಲಿ ಇದು ಇತ್ತು. ವಿಜಯಪುರದಲ್ಲಿ ಮೊದಲನೆಯ ಅಲಿ ಆದಿಲ್ ಶಾಹನ (1558–1580) ಕಾಲದಲ್ಲಿ ಶುರುವಾಗಿ, ಇಬ್ರಾಹಿಮನ ಕಾಲದಲ್ಲಿ ಬೆಳೆಯಿತು. ತೊರವಿ ಕಡೆಯ ನೀರು ಹೀಗೆ ಕೋಟೆಯೊಳಗೆ ಬರುತ್ತಿತ್ತು.

ಲಾವಾ ಕಲ್ಲಿನಲ್ಲಿ ಇದು ಹೇಗೆ ಸಾಧ್ಯ ಎಂದು ನಮ್ಮೊಳಗೆ ವಾದ ಆಯಿತು. ಉತ್ತರ ಪದರುಗಳಲ್ಲಿದೆ. ಪ್ರತಿ ಲಾವಾ ಹರಿವಿನ ಮೇಲ್ಭಾಗ ಗುಳ್ಳೆಗುಳ್ಳೆಯಾಗಿ, ಸವೆದು ಗರಸಿನಂತಾಗಿರುತ್ತದೆ. ಅಲ್ಲಿ ನೀರು ನಿಲ್ಲುತ್ತದೆ, ಹರಿಯುತ್ತದೆ. ಕೆಳಗಿನ ಗಟ್ಟಿ ಕರಿಕಲ್ಲು ನೀರನ್ನು ಇಳಿಯಗೊಡುವುದಿಲ್ಲ. ಗುಳ್ಳೆ ಪದರಿನಲ್ಲಿ ಸುರಂಗ ಕೊರೆದರೆ ಕೊರೆಯಲೂ ಸುಲಭ, ನೀರೂ ಬಸಿದು ಬರುತ್ತದೆ. ಆ ಕಾಲದ ಬಾವಿ ತೋಡುವವರಿಗೆ ಈ ಪದರು ಕೈಯಳತೆಯಲ್ಲಿ ಗೊತ್ತಿತ್ತು ಅಂತಲೇ ನಾವು ತಿಳಿದಿದ್ದೇವೆ. ಇದೇ ಜಾತಿಯ ಕೆಲಸಕ್ಕೆ ಜಗತ್ತಿನಲ್ಲಿ ಹೆಸರಾದದ್ದು ಗ್ರೀಸಿನ ಸಾಮೋಸ್ ದ್ವೀಪದ ಸುರಂಗ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಯುಪಲಿನೋಸ್ ಎಂಬವನು ಬೆಟ್ಟದ ಎರಡೂ ಬದಿಯಿಂದ ಕೊರೆಸಿ, 1036 ಮೀಟರ್ ಉದ್ದದ ಸುರಂಗವನ್ನು ನಡುವೆ ಕೂಡಿಸಿದ. ಅಲ್ಲಿ ಬೆಟ್ಟ ದಾಟಬೇಕಿತ್ತು, ಲೆಕ್ಕಾಚಾರ ಜ್ಯಾಮಿತಿಯದು. ನಮ್ಮಲ್ಲಿ ಬಯಲು, ಇಳಿಜಾರು ಕಣ್ಣಿಗೇ ಕಾಣದಷ್ಟು ಕಡಿಮೆ, ಲೆಕ್ಕಾಚಾರ ಲೆವೆಲ್ಲಿನದು. ಎರಡರಲ್ಲಿ ಯಾವುದು ಕಷ್ಟ ಎಂದು ಆಟೋ ಲೆವೆಲ್ ಹಿಡಿದು ಬಿಸಿಲಲ್ಲಿ ನಿಂತವರು ಹೇಳಲಿ.

ಮುಂದೆ ಮಹಮ್ಮದ್ ಆದಿಲ್ ಶಾಹ 1651ರಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು, ಕೊಳವೆಯ ಸುತ್ತ ಗಾರೆಗಚ್ಚಿನ ಕವಚ. ದಾರಿಯಲ್ಲಿ ಗೋಪುರದಂಥ ಕಟ್ಟಡಗಳನ್ನು ಈಗಲೂ ನೋಡಬಹುದು, 'ಗಂಜ್' ಅಂತಾರೆ. ನೀರು ಅದರೊಳಗೆ ಏರಿ ಇಳಿಯುವಾಗ ಕೊಳವೆಯ ಮೇಲಿನ ಒತ್ತಡ ತಗ್ಗುತ್ತಿತ್ತು, ರಾಡಿ ತಳಕ್ಕೆ ಕೂರುತ್ತಿತ್ತು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾವು ಓದುವ ಬ್ರೇಕ್ ಪ್ರೆಷರ್ ಟ್ಯಾಂಕ್ ಇದೇ ಅಲ್ಲವೇ? ದಿನಾ ಅದರ ಪಕ್ಕದಲ್ಲೇ ಸಿಟಿ ಬಸ್ಸಿನಲ್ಲಿ ಹಾಯ್ದು ಕ್ಲಾಸಿಗೆ ಹೋಗಿ, ಬೋರ್ಡಿನ ಮೇಲಿನ ಚಿತ್ರ ನೋಡಿ ಬರೆದುಕೊಂಡು ಬಂದವರು ನಾವು. ತೊರವಿ ದಾರಿಯಲ್ಲಿ ನಾವು ಕಂಡ ಕಿಂಡಿಗಳಲ್ಲಿ ಒಂದರೊಳಗೆ ಪ್ಲಾಸ್ಟಿಕ್ ಚೀಲ, ಒಡೆದ ಇಟ್ಟಿಗೆ ತುಂಬಿತ್ತು. ಇನ್ನೊಂದರ ಸುತ್ತ ಪ್ಲಾಟಿನ ಕಲ್ಲು ನೆಟ್ಟಿದ್ದರು. ಒಂದು ಕಿಂಡಿ ಮುಚ್ಚಿದರೆ ಒಂದೇ ಕಿಂಡಿ ಹೋಗುವುದಿಲ್ಲ, ಅದರ ಕೆಳಗಿನ ಸುರಂಗವೇ ಕಟ್ಟಿಕೊಳ್ಳುತ್ತದೆ.

ತಿಕೋಟಾ ದಾರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇದೇ ದಾರಿ ಅಥಣಿ ಮೇಲೆ ಘಟ್ಟದ ಕಡೆಗೆ ಹೋಗುತ್ತದೆ. ಕರಾವಳಿಯ ಬಂದರುಗಳ ಸರಕು ಪಶ್ಚಿಮದ ಈ ದಿಕ್ಕಿನಿಂದಲೇ ರಾಜಧಾನಿಗೆ ಬರಬೇಕಿತ್ತು, ಅಂದಮೇಲೆ ಸಮುದ್ರ ನಮಗೆ ಪೂರ್ತಿ ಪರಕೀಯವೇನಲ್ಲ. ಈಗ ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಮಡ್ಡಿ ನೆಲ, ಒಣ ಗಾಳಿ ದ್ರಾಕ್ಷಿಗೆ ಒಗ್ಗುತ್ತವೆ. ಮೆಡಿಟರೇನಿಯನ್ ಸೀಮೆಯ ಬೆಳೆ ಇಲ್ಲಿ ಬೇರೂರಿದ್ದು ಹೀಗೆ.

ಬಬಲೇಶ್ವರದ ಕಡೆ ತಿರುಗಿದರೆ ಮಣ್ಣು ಮತ್ತೆ ಕಪ್ಪಾಗುತ್ತದೆ. ಈ ತಾಲೂಕಿನ ಮಮದಾಪುರದಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲದ ದೊಡ್ಡ ಕೆರೆಗಳಿವೆ. ಕಾಖಂಡಕಿ ಮಹಿಪತಿದಾಸರ ಊರು. ಆದಿಲ್‌ಶಾಹಿ ದರಬಾರಿನ ಕೆಲಸ ಬಿಟ್ಟು ಬಂದ ಅವರಿಗೆ ಗುರುವಾದವರು ಸಾರವಾಡದ ಭಾಸ್ಕರಸ್ವಾಮಿಗಳು. ಆ ಸಾರವಾಡ ಇರುವುದು ಡೋಣಿ ನದಿಯ ದಂಡೆಯಲ್ಲಿ.

ಡೋಣಿಯ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಜತ್ತ ತಾಲೂಕಿನಲ್ಲಿ ಹುಟ್ಟಿ, ತಿಕೋಟಾ, ಬಬಲೇಶ್ವರ ಸೀಮೆ ಹಾಯ್ದು, ತಾಳಿಕೋಟೆ ಮುಟ್ಟಿ ಕೃಷ್ಣೆಗೆ ಸೇರುವ ನದಿ ಇದು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಅರ್ಥದ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಪ್ರವಾಹ ತಂದು ಹರಡುವ ಮಣ್ಣು ಅಷ್ಟು ಫಲವತ್ತು. ಆದರೆ ನೀರು? ಸಾರವಾಡದ ಸೇತುವೆ ಕೆಳಗೆ ಇಳಿದು ನಾವು ನಾಲಿಗೆಗೆ ಮುಟ್ಟಿಸಿ ನೋಡಿದೆವು. ಸವುಳು. ಕರಿಕಲ್ಲು ಸವೆಯುವಾಗ ಬಿಡುಗಡೆಯಾಗುವ ಲವಣ, ನೀರು ಬಸಿಯಗೊಡದ ಜೇಡಿ, ಕಡಿಮೆ ಇಳಿಜಾರು, ಸುಡು ಬಿಸಿಲು, ಇವು ನಾಲ್ಕೂ ಕೂಡಿದರೆ ಉಪ್ಪು ಅಲ್ಲೇ ನಿಲ್ಲುತ್ತದೆ. ನೂರು ವರ್ಷಕ್ಕೂ ಹಿಂದಿನ ಗ್ಯಾಸೆಟಿಯರ್ ಕೂಡ ಡೋಣಿಯ ನೀರು ಸವುಳು ಎಂದೇ ಬರೆದಿದೆ. ಈಗ ಹೂಳು ತುಂಬಿ, ಜಾಲಿ ಬೆಳೆದು ಪಾತ್ರ ಕಿರಿದಾಗಿದೆ. ಮಳೆ ಜೋರಾದರೆ ನದಿ ಹೊಲಕ್ಕೆ ನುಗ್ಗುತ್ತದೆ.

ನಮ್ಮ ಜೊತೆ ಬಂದವರಲ್ಲಿ ಒಬ್ಬನ ಮನೆಯ ಹೊಲ ಡೋಣಿ ದಂಡೆಗೇ ಇದೆ. ಅವನ ಅಜ್ಜನನ್ನು ಮಾತಾಡಿಸಿದೆವು. "ಅಜ್ಜಾರ, ಈಗ ಕೆನಾಲ್ ನೀರ್ ಬಂದೈತಲ್ರಿ, ಚಲೋ ಆತಲ್ಲ?" ಅಂದೆವು. ಅವರು ತಕ್ಷಣ ಉತ್ತರಿಸಲಿಲ್ಲ. "ನೀರ್ ಬಂದದ್ದು ಚಲೋನ. ನಾವು ಟ್ಯಾಂಕರ್ ದಾರಿ ಕಾದ ಮಂದಿ, ನೀರಿಗೆ ಕೆಟ್ಟದ್ದು ಅನ್ನಾಂಗಿಲ್ಲ. ಆದ್ರ ತೆಳಗಿನ ಹೊಲದಾಗ ಬೆಳ್ಳಗ ಹೂ ಬಿಟ್ಟಂಗ ಕಾಣತೈತಿ ನೋಡ್ರಿ, ಅದ ಹೂ ಅಲ್ಲ." ಅದು ಉಪ್ಪು.

ಇಲ್ಲಿ ಲೆಕ್ಕ ಒಂದಿದೆ. ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ 519.6 ಮೀಟರ್. ವಿಜಯಪುರ ನಗರ ಇರುವುದು ಸುಮಾರು 590 ಮೀಟರ್ ಎತ್ತರದಲ್ಲಿ. ಕೃಷ್ಣೆ ನಮ್ಮ ಸೀಮೆಯಲ್ಲೇ ಹರಿದರೂ ನಮಗಿಂತ 70 ಮೀಟರ್ ಕೆಳಗೆ ಹರಿಯುತ್ತದೆ. ಒಂದು ಸೆಕೆಂಡಿಗೆ ಒಂದು ಘನ ಮೀಟರ್ ನೀರನ್ನು 70 ಮೀಟರ್ ಎತ್ತಲು ಸುಮಾರು 687 ಕಿಲೋವ್ಯಾಟ್ ಬೇಕು. ಪಂಪಿನ ದಕ್ಷತೆ ಶೇ. 75 ಎಂದರೆ 900 ದಾಟುತ್ತದೆ, ಕೊಳವೆಯ ಘರ್ಷಣೆ ಬೇರೆ. ಅದಕ್ಕಾಗಿಯೇ ನಮ್ಮಲ್ಲಿ ಇರುವುದೆಲ್ಲ ಏತ ನೀರಾವರಿ: ಮುಳವಾಡ ಏತ, ತುಬಚಿ–ಬಬಲೇಶ್ವರ ಏತ. ಇಷ್ಟು ಕರೆಂಟು ಸುಟ್ಟು ಎತ್ತಿದ ನೀರು ಎರಿಭೂಮಿಗೆ ಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಕೆಳಗೆ ಬಸಿಯದು. ಅಂತರ್ಜಲ ಏರಿ ಬೇರಿನ ಹತ್ತಿರ ಬರುತ್ತದೆ, ಬಿಸಿಲಿಗೆ ಆವಿಯಾಗಿ ಉಪ್ಪನ್ನು ಮೇಲೆ ಬಿಡುತ್ತದೆ. ಸವಳು-ಜವಳು ಎಂದು ರೈತರು ಜೋಡಿ ಹೆಸರು ಇಟ್ಟಿರುವುದು ಇದಕ್ಕೇ. ಮೇಲಿನ ಸಾಂಗ್ಲಿ ಸೀಮೆ, ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ ಭಾಗ, ಎರಡೂ ಕಡೆ ಇದು ಆಗಿಹೋದ ಸಂಗತಿ.

ನೆಲದಡಿಯ ರಂಧ್ರಕೊಳವೆಯ ಬಸಿಗಾಲುವೆ, ಹನಿ ನೀರಾವರಿ, ಕಬ್ಬಿನ ಬದಲು ನೀರು ಕಡಿಮೆ ಕುಡಿಯುವ ಬೆಳೆ, ಇವು ಗೊತ್ತಿರುವ ಪರಿಹಾರಗಳೇ. ಬಸಿಗಾಲುವೆಗೂ ಇಳಿಜಾರು ಬೇಕು, ಬಸಿದ ಉಪ್ಪುನೀರು ಕೊನೆಗೆ ಡೋಣಿಗೇ ಹೋಗಬೇಕು, ಡೋಣಿಯ ಪಾತ್ರವೋ ಹೂಳಿನಿಂದ ತುಂಬಿದೆ. ಮೊದಲು ಡೋಣಿಯ ಹೂಳು, ಆಮೇಲೆ ಹೊಲದ ಕೊಳವೆ ಎಂಬುದು ನಮ್ಮಲ್ಲಿ ನಾಲ್ವರ ಅಭಿಪ್ರಾಯ. ಉಳಿದಿಬ್ಬರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ನೀರು ಬಿಡುವ ಪದ್ಧತಿಯೇ ಮೊದಲು ಬದಲಾಗಬೇಕು, ಹೊಲಕ್ಕೆ ಹೆಚ್ಚಾಗಿ ಹಾಯಿಸದಿದ್ದರೆ ಬಸಿಯುವ ಪ್ರಶ್ನೆಯೇ ಬರುವುದಿಲ್ಲ. ಸಾರವಾಡದಿಂದ ನಗರ ಮುಟ್ಟುವವರೆಗೆ ಗಾಡಿಯ ಮೇಲೇ ಈ ಜಗಳ ನಡೆಯಿತು.

ಅಜ್ಜನ ಹೊಲದ ಮಣ್ಣನ್ನು ಮೂರು ಆಳಗಳಿಂದ ತೆಗೆದು ಡಬ್ಬಿಯಲ್ಲಿ ತಂದಿದ್ದೇವೆ. ಜಿಯೋಟೆಕ್ ಲ್ಯಾಬಿನಲ್ಲಿ ಅದರ ಉಬ್ಬುವಿಕೆ ಮತ್ತು ವಿದ್ಯುತ್‌ವಾಹಕತೆ ಅಳೆಯಲು ಅನುಮತಿ ಕೇಳಿದ್ದೇವೆ. ಮುಂದಿನ ಸುತ್ತು ಇಂಡಿ ಕಡೆಗೆ, ಸಾಲೋಟಗಿ ನೋಡಲು. ಬರುವವರು ಶುಕ್ರವಾರದೊಳಗೆ ಹೆಸರು ಕೊಡಿ, ಗಾಡಿ ಇದ್ದವರು ಹೆಲ್ಮೆಟ್ ಎರಡು ತನ್ನಿ, ನೀರಿನ ಬಾಟಲಿ ಮನೆಯಿಂದಲೇ ತುಂಬಿಕೊಂಡು ಬನ್ನಿ.